ಉತ್ತರ ಯಾರ ಹತ್ರನೂ ಇಲ್ಲ, ಟೈಮು ನಾಲ್ಕೇ ದಿನ: ಎಂಸಿಎಂ ಬಗ್ಗೆ ನಿಮ್ಮ ಪ್ರಶ್ನೆಗಳು

ಹೋದ ಸಂಚಿಕೇಲಿ ಎಂಸಿಎಂ, ಅಂದ್ರೆ ಮ್ಯಾಥಮೆಟಿಕಲ್ ಕಾಂಟೆಸ್ಟ್ ಇನ್ ಮಾಡೆಲಿಂಗ್ ಬಗ್ಗೆ ನಾಲ್ಕು ಸಾಲು ಬರ್ದಿದ್ದೆ. ಅಮೆರಿಕದ ಕೊಮ್ಯಾಪ್ ಸಂಸ್ಥೆ 1985ರಿಂದ ಡಿಗ್ರಿ ವಿದ್ಯಾರ್ಥಿಗಳಿಗೆ ನಡೆಸ್ತಿರೋ ಸ್ಪರ್ಧೆ ಇದು, ನಿಜ ಜೀವನದ ಒಂದು ಸಮಸ್ಯೇನ ಗಣಿತದ ಲೆಕ್ಕವಾಗಿ ಕಟ್ಟಿ (ಅದೇ ಮಾಡೆಲ್) ನಾಲ್ಕು ದಿನದಲ್ಲಿ ರಿಪೋರ್ಟ್ ಬರೀಬೇಕು, ಈಗ ಬೇರೆ ಬೇರೆ ದೇಶಗಳಿಂದ ಟೀಮ್‌ಗಳು ಬರ್ತವೆ, ಅದರಲ್ಲಿ ಚೀನಾದವರೇ ಹೆಚ್ಚು. ಅದನ್ನ ಓದಿ ಬಂದ ಪತ್ರಗಳಲ್ಲಿ ಕೆಲವಕ್ಕೆ ಇಲ್ಲಿ ಉತ್ತರ ಕೊಡ್ತಿದ್ದೀನಿ.

ಪ್ರಶ್ನೆ: ನಾನು ಬಿಎಸ್ಸಿ ಎರಡನೇ ವರ್ಷ. ರಿಸರ್ಚ್ ಸ್ಪರ್ಧೆ ಅಂದ್ರೆನೇ ಭಯ ಆಗುತ್ತೆ ಸರ್. ನಾವಿನ್ನೂ ಡಿಫರೆನ್ಷಿಯಲ್ ಈಕ್ವೇಷನ್ ಶುರು ಮಾಡಿದೀವಿ ಅಷ್ಟೇ. ನಮ್ಮಂಥೋರಿಗೆ ಇದು ಆಗೋ ಮಾತಾ? ನಮ್ಮ ಉತ್ತರ ಸರೀನೋ ತಪ್ಪೋ ಅಂತ ಅವರು ಹೇಗೆ ನೋಡ್ತಾರೆ? (ವಿದ್ಯಾರ್ಥಿನಿ, ದಾವಣಗೆರೆ)

ಆಗುತ್ತಮ್ಮ, ಖಂಡಿತ ಆಗುತ್ತೆ. ನಿಮ್ಮ ಎರಡನೇ ಪ್ರಶ್ನೆಯಿಂದಾನೇ ಶುರು ಮಾಡ್ತೀನಿ, ಯಾಕಂದ್ರೆ ಇಡೀ ವಿಷಯ ಇರೋದೇ ಅಲ್ಲಿ. ಇಲ್ಲಿ ಸರಿ ಉತ್ತರ ಅಂತ ಒಂದು ಇರಲ್ಲ. ಪ್ರಶ್ನೆ ಕೊಟ್ಟೋರ ಹತ್ರನೂ ಇರಲ್ಲ. ನೀವು ಏನನ್ನ ಲೆಕ್ಕಕ್ಕೆ ತಗೊಂಡ್ರಿ, ಏನನ್ನ ಬಿಟ್ರಿ, ಯಾಕೆ ಬಿಟ್ರಿ, ಬಿಟ್ಟಿದ್ದರಿಂದ ಎಷ್ಟು ವ್ಯತ್ಯಾಸ ಆಗುತ್ತೆ, ಇದನ್ನೇ ಅವರು ನೋಡೋದು.

2016ರಲ್ಲಿ ಬಂದಿದ್ದ ಒಂದು ಪ್ರಶ್ನೆ ಹೇಳ್ತೀನಿ ಕೇಳಿ, ನಂಗೆ ತುಂಬಾ ಇಷ್ಟವಾದ್ದು. ಒಬ್ರು ಟಬ್ಬಲ್ಲಿ ಬಿಸಿನೀರು ತುಂಬ್ಕೊಂಡು ಕೂತಿದಾರೆ, ಸ್ವಲ್ಪ ಹೊತ್ತಿಗೆ ನೀರು ಆರೋಕೆ ಶುರುವಾಗುತ್ತೆ, ಟಬ್ಬಿಗೆ ಹೀಟರ್ ಏನಿಲ್ಲ, ಅವರು ನಲ್ಲಿ ಸಣ್ಣಗೆ ತಿರುಗಿಸಿ ಬಿಸಿನೀರು ಬಿಟ್ಕೊಂತಾರೆ, ತುಂಬಿ ಹೆಚ್ಚಾದ ನೀರು ಮೇಲಿನ ತೂತಿಂದ ಹೊರಗೆ ಹೋಗುತ್ತೆ. ಜಾಸ್ತಿ ನೀರು ವೇಸ್ಟ್ ಆಗದ ಹಾಗೆ, ಟಬ್ಬಿನ ತುಂಬಾ ಮೊದಲಿದ್ದಷ್ಟೇ ಬಿಸಿ ಉಳಿಬೇಕು ಅಂದ್ರೆ ಏನು ಮಾಡಬೇಕು? ಪ್ರಶ್ನೆ ಇಷ್ಟೇ.

ಈಗ ಪೆನ್ನು ಹಿಡೀರಿ. ಸಂಖ್ಯೆಗಳನ್ನ ನಾನೇ ಸುಮ್ನೆ ಊಹೆ ಮಾಡಿ ಹೇಳ್ತಿದ್ದೀನಿ. ಟಬ್ಬಲ್ಲಿ 200 ಲೀಟರ್ ನೀರು, 40 ಡಿಗ್ರಿ ಇದೆ, ಸುಮ್ನೆ ಬಿಟ್ರೆ ಗಂಟೆಗೆ 4 ಡಿಗ್ರಿ ಆರುತ್ತೆ ಅಂತಿಟ್ಕೊಳ್ಳಿ. ಗಂಟೆಗೆ ಕಳ್ಕೊಳ್ಳೋ ಬಿಸಿ 200 ಇಂಟು 4, ಅಂದ್ರೆ 800. ನಲ್ಲಿ ನೀರು 50 ಡಿಗ್ರಿ ಇದ್ರೆ ಒಂದೊಂದು ಲೀಟರೂ 10 ಡಿಗ್ರಿಯಷ್ಟು ಹೆಚ್ಚಿನ ಬಿಸಿ ತರುತ್ತೆ, ಹಾಗಾಗಿ ಗಂಟೆಗೆ 80 ಲೀಟರ್ ಬಿಡ್ತಾ ಇರ್ಬೇಕು, ಅಷ್ಟೇ ನೀರು ಹೊರಗೂ ಹೋಗುತ್ತೆ. ಅದೇ ನಲ್ಲಿ ನೀರು 60 ಡಿಗ್ರಿ ಇದ್ರೆ 40 ಲೀಟರ್ ಸಾಕು. ನೋಡಿ, ಇದಕ್ಕೆ ಹೈಸ್ಕೂಲ್ ಲೆಕ್ಕ ಸಾಕಾಯ್ತು, ಆದ್ರೂ ಒಂದು ಮಾಡೆಲ್ ಆಗಲೇ ನಿಂತ್ಬಿಡ್ತು!

ಇನ್ಮೇಲೆ ಅದನ್ನ ನೀವೇ ಅನುಮಾನ ಪಡಬೇಕು. ಬಿಸಿನೀರು ಬಿದ್ದ ತಕ್ಷಣ ಇಡೀ ಟಬ್ಬಿಗೆ ಬೆರೆಯುತ್ತೆ ಅಂತ ನಾನು ಮೇಲೆ ಬಾಯ್ಬಿಟ್ಟು ಹೇಳದೆನೇ ಒಪ್ಕೊಂಡ್ಬಿಟ್ಟಿದ್ದೀನಿ, ಆದ್ರೆ ನಲ್ಲಿ ಇರೋದು ಒಂದು ತುದೀಲಿ, ಕಾಲ ಹತ್ರ ಸುಡುತ್ತೆ, ಬೆನ್ನ ಹತ್ರ ತಣ್ಣಗಿರುತ್ತೆ. ಹಂಡೆ ನೀರಿಗೆ ತಣ್ಣೀರು ಬೆರೆಸ್ಕೊಂಡು ಸ್ನಾನ ಮಾಡಿದೋರಿಗೆ ಇದು ಹೇಳ್ಕೊಡಬೇಕಾಗಿಲ್ಲ, ಕೈಯಾಡಿಸಿದ್ರೆ ತಾನೆ ಬಿಸಿ ಸಮ ಆಗೋದು. ಪ್ರಶ್ನೆಯಲ್ಲೂ ಅದನ್ನೇ ಕೇಳಿದ್ರು, ಟಬ್ಬಲ್ಲಿರೋ ಮನುಷ್ಯ ಅಲ್ಲಾಡಿದ್ರೆ ಏನಾಗುತ್ತೆ, ಅವನು ದಪ್ಪ ಇದ್ರೆ ಏನಾಗುತ್ತೆ, ಟಬ್ಬಿನ ಆಕಾರ ಬೇರೆ ಆದ್ರೆ ಏನಾಗುತ್ತೆ, ಸೋಪಿನ ನೊರೆ ಹಾಕಿದ್ರೆ ಏನಾಗುತ್ತೆ ಅಂತ. ನೊರೆ ಮೇಲ್ಗಡೆ ಹೊದಿಕೆ ಥರ ನಿಂತು ಆರೋದನ್ನ ಗಂಟೆಗೆ 2 ಡಿಗ್ರಿಗೆ ಇಳಿಸ್ತು ಅನ್ಕೊಳ್ಳಿ, 80 ಲೀಟರ್ ಇದ್ದದ್ದು 40 ಆಯ್ತು. ಹೀಗೆ ಒಂದೊಂದನ್ನೇ ಬದಲಾಯಿಸಿ, ಯಾವುದಕ್ಕೆ ಉತ್ತರ ಜಾಸ್ತಿ ಅಲ್ಲಾಡುತ್ತೆ ಯಾವುದಕ್ಕೆ ಅಲ್ಲಾಡಲ್ಲ ಅಂತ ನೋಡೋದನ್ನ ಸೆನ್ಸಿಟಿವಿಟಿ ಅನಾಲಿಸಿಸ್ ಅಂತಾರೆ, ಜಡ್ಜ್‌ಗಳು ಇದನ್ನ ಹುಡುಕ್ತಾರೆ. ನೀವೀಗ ಓದ್ತಿರೋ ಡಿಫರೆನ್ಷಿಯಲ್ ಈಕ್ವೇಷನ್ ಇದಕ್ಕೆ ಬೇಕಾಗುತ್ತೆ, ನ್ಯೂಟನ್ ಕೂಲಿಂಗ್ ನಿಯಮ ನಿಮ್ಮ ಸಿಲಬಸ್ಸಲ್ಲೇ ಇರುತ್ತಲ್ಲ. ಎಕ್ಸಾಮಲ್ಲಿ ಕೆ ಬೆಲೆ, ಅಂದ್ರೆ ಎಷ್ಟು ಬೇಗ ಆರುತ್ತೆ ಅಂತ ಹೇಳೋ ಸಂಖ್ಯೆ, ಕೊಟ್ಟಿರ್ತಾರೆ, ಇಲ್ಲಿ ಕೊಡಲ್ಲ, ನೀವೇ ಹುಡುಕಿ ತರ್ಬೇಕು, ಇರೋ ವ್ಯತ್ಯಾಸ ಅದು.

ಪ್ರಶ್ನೆ: ನಾವು ಮೂವರು ಇಂಜಿನಿಯರಿಂಗ್ ಫ್ರೆಂಡ್ಸು, ಮೂವರಿಗೂ ಕೋಡಿಂಗ್ ಚೆನ್ನಾಗಿ ಬರುತ್ತೆ. ಯಾವ ಪ್ರಶ್ನೆ ತಗೊಂಡ್ರೆ ಒಳ್ಳೇದು? ಎಐ ಬಳಸ್ಬಹುದಾ? (ಹುಬ್ಬಳ್ಳಿ)

ಒಂದು ಟೀಮಲ್ಲಿ ಜಾಸ್ತಿ ಅಂದ್ರೆ ಮೂರು ಜನ, ಎಲ್ಲರೂ ಒಂದೇ ಕಾಲೇಜಿನವರಾಗಿರ್ಬೇಕು. ಆರು ಪ್ರಶ್ನೆ ಇರುತ್ತೆ, ಎ ಇಂದ ಎಫ್ ತನಕ, ಒಂದನ್ನ ಆರಿಸ್ಕೋಬೇಕು. ಎ, ಬಿ, ಸಿ ಎಂಸಿಎಂ ಪ್ರಶ್ನೆಗಳು, ಡಿ, ಇ, ಎಫ್ ಅದರ ಜೊತೇಲೇ ನಡೆಯೋ ಐಸಿಎಂ, ಅಂದ್ರೆ ಇಂಟರ್‌ಡಿಸಿಪ್ಲಿನರಿ ಕಾಂಟೆಸ್ಟ್ ಇನ್ ಮಾಡೆಲಿಂಗ್‌ನವು. ನಿಮಗೆ ಡೇಟಾ ಇಷ್ಟ ಇದ್ರೆ ಸಿ ನೋಡಿ, 2024ರಲ್ಲಿ ವಿಂಬಲ್ಡನ್ ಪಾಯಿಂಟ್‌ಗಳ ಡೇಟಾ ಕೊಟ್ಟು, ಆಟದಲ್ಲಿ ಮೊಮೆಂಟಮ್, ಅಂದ್ರೆ ಒಂದ್ಸಲ ಗೆಲ್ಲೋಕೆ ಶುರು ಮಾಡಿದೋರ ಕಡೆಗೇ ಆಟ ವಾಲೋದು, ನಿಜಕ್ಕೂ ಇದ್ಯಾ ಅಂತ ಕೇಳಿದ್ರು. ಆದ್ರೆ 2025ರ ಎ ಪ್ರಶ್ನೇನೂ ಒಂದ್ಸಲ ಓದಿ. ಹಳೇ ಕಲ್ಲಿನ ಮೆಟ್ಟಿಲು ಸವೆದಿರೋದನ್ನ ಅಳೆದು, ಅಲ್ಲಿ ಎಷ್ಟು ಜನ ಓಡಾಡಿದಾರೆ, ಹತ್ತಿದ್ದು ಜಾಸ್ತಿನೋ ಇಳಿದಿದ್ದು ಜಾಸ್ತಿನೋ, ಒಬ್ಬೊಬ್ರಾಗಿ ಹೋಗ್ತಿದ್ರೋ ಜೋಡಿಯಾಗೋ ಅಂತ ಕಂಡುಹಿಡೀಬೇಕು. ಪ್ರಾಕ್ಟೀಸಿಗೆ ನಿಮ್ಮೂರ ಹಳೇ ದೇವಸ್ಥಾನದ ಮೆಟ್ಟಿಲ ಹತ್ರ ಒಂದು ಸ್ಕೇಲ್ ಹಿಡ್ಕೊಂಡು ಹೋಗಿ ಕೂತ್ಕೊಳ್ಳಿ, ನಡುವೆ ಎಷ್ಟು ಸವೆದಿದೆ ಅಂಚಲ್ಲಿ ಎಷ್ಟು ಅಂತ ಬರ್ಕೊಳ್ಳಿ, ಒಂದು ಮಧ್ಯಾಹ್ನ ಸಾಕು.

ಎಐ ಬಳಸ್ಬಹುದು, ಆದ್ರೆ ಎಲ್ಲೆಲ್ಲಿ ಹೇಗೆ ಬಳಸಿದ್ರಿ ಅಂತ ಕೊನೇಲಿ ಬೇರೆ ರಿಪೋರ್ಟ್ ಹಾಕ್ಬೇಕು. ಪುಸ್ತಕ, ಇಂಟರ್ನೆಟ್, ಸಾಫ್ಟ್‌ವೇರ್ ಎಲ್ಲಾ ಓಕೆ. ಟೀಮಿನ ಹೊರಗಿನ ಮನುಷ್ಯರನ್ನ ಮಾತ್ರ ಕೇಳೋ ಹಾಗಿಲ್ಲ, ನಿಮ್ಮ ಮೇಷ್ಟ್ರನ್ನೂ ಸೇರಿಸಿ.

ಮೂವರೂ ಕೋಡಿಂಗ್‌ನೋರು ಅಂದ್ರಲ್ಲ, ನಂಗೆ ಚಿಂತೆ ಆಗಿದ್ದು ಅದಕ್ಕೆ. ನಾನು ಗೈಡ್ ಆಗಿದ್ದ ಒಂದು ಟೀಮು ಮೂರೂವರೆ ದಿನ ಕೋಡ್ ಬರೆದು, ಗ್ರಾಫ್ ಬಿಡಿಸಿ, ಮೊದಲ ಪುಟದ ಸಾರಾಂಶಾನ ಕೊನೇ ಅರ್ಧ ಗಂಟೇಲಿ ಬರೀತು. ಆಮೇಲೆ ನಾನು ಓದಿದೆ, ಒಳಗಡೆ ಕೆಲಸ ಎಷ್ಟು ಚೆನ್ನಾಗಿತ್ತು ಅಂದ್ರೆ ಹೊಟ್ಟೆ ಉರೀತು. ಸಾರಾಂಶದಲ್ಲಿ "ನಾವು ಒಂದು ಮಾಡೆಲ್ ಕಟ್ಟಿ ಒಳ್ಳೇ ಫಲಿತಾಂಶ ಪಡೆದೆವು" ಅಂತಿತ್ತು, ಒಂದೇ ಒಂದು ಸಂಖ್ಯೆ ಇರ್ಲಿಲ್ಲ. ಮೊದಲ ಸುತ್ತಲ್ಲಿ ಜಡ್ಜ್‌ಗಳು ಮುಖ್ಯವಾಗಿ ನೋಡೋದೇ ಆ ಒಂದು ಪುಟ. ಅವರಿಗೆ ಸಿಕ್ಕಿದ್ದು ಕೆಳಗಿನ ಮಟ್ಟದ ಸರ್ಟಿಫಿಕೇಟು. ಅವರಿಗೆ ಮೊದಲೇ ಸರಿಯಾಗಿ ಒತ್ತಿ ಹೇಳ್ಲಿಲ್ವಲ್ಲ ಅಂತ ನಂಗೆ ಇವತ್ತಿಗೂ ಬೇಜಾರಿದೆ. ಹಾಗಾಗಿ ನಿಮ್ಮ ಮೂವರಲ್ಲಿ ಒಬ್ರು ಮೊದಲನೇ ದಿನದಿಂದಾನೇ ಬರೆಯೋಕೆ ಕೂತ್ಕೊಳ್ಳಿ. ಎಲ್ಲಾ ಇಂಗ್ಲಿಷಲ್ಲೇ ಬರೀಬೇಕು, 25 ಪುಟ ದಾಟೋ ಹಾಗಿಲ್ಲ, ನಿಮ್ಮ ಹೆಸರಾಗಲಿ ಕಾಲೇಜಿನ ಹೆಸರಾಗಲಿ ಎಲ್ಲೂ ಬರಬಾರದು, ಟೀಮಿನ ನಂಬರ್ ಮಾತ್ರ.

ಪ್ರಶ್ನೆ: ಮಗಳು ಇದಕ್ಕೆ ಸೇರ್ತೀನಿ ಅಂತಾಳೆ, ಟೀಮಿಗೆ 100 ಡಾಲರ್ ಅಂತೆ. ಗೆದ್ರೆ ದುಡ್ಡು ಬರುತ್ತಾ, ಕೆಲಸಕ್ಕೆ ಅನುಕೂಲ ಆಗುತ್ತಾ? (ಪೋಷಕರು, ಶಿವಮೊಗ್ಗ)

ಈಚಿನ ವರ್ಷಗಳಲ್ಲಿ ಫೀಸು ಅಷ್ಟೇ ಸರ್, ಮೂವರಲ್ಲಿ ಹಂಚ್ಕೊಂಡ್ರೆ ತಲಾ ಮೂರು ಸಾವಿರದ ಆಸುಪಾಸು, ಕೆಲವು ಕಾಲೇಜು ತಾವೇ ಕಟ್ತವೆ, ಕೇಳಿ ನೋಡಿ. ದುಡ್ಡು ಬರುತ್ತೆ ಅಂತ ಲೆಕ್ಕ ಹಾಕ್ಬೇಡಿ. ಮೇಲಿನ ದರ್ಜೆಗೆ ಔಟ್‌ಸ್ಟ್ಯಾಂಡಿಂಗ್ ವಿನ್ನರ್ ಅಂತಾರೆ, ಸಾವಿರಾರು ಟೀಮಲ್ಲಿ ಬೆರಳೆಣಿಕೆಯಷ್ಟಕ್ಕೆ ಸಿಗುತ್ತೆ. ಅದರ ಕೆಳಗೆ ಫೈನಲಿಸ್ಟ್, ಮೆರಿಟೋರಿಯಸ್, ಆನರಬಲ್ ಮೆನ್ಷನ್ ಅಂತೆಲ್ಲ ಇದೆ. ಆದ್ರೆ ನಿಮ್ಮ ಮಗಳ ಕೈಯಲ್ಲಿ ಅವಳೇ ಯೋಚಿಸಿ ಬರೆದ 25 ಪುಟದ ಒಂದು ರಿಪೋರ್ಟ್ ಉಳಿಯುತ್ತೆ, ಎಂಎಸ್ಸಿ ಇಂಟರ್‌ವ್ಯೂನಲ್ಲೋ ಕೆಲಸದ ಇಂಟರ್‌ವ್ಯೂನಲ್ಲೋ "ನೀನೇನು ಮಾಡಿದೀಯಮ್ಮ" ಅಂದಾಗ ಅವಳು ಅದನ್ನ ಮುಂದಿಟ್ಟು ಅರ್ಧ ಗಂಟೆ ಮಾತಾಡ್ಬಲ್ಲಳು. ದಯವಿಟ್ಟು ಕಳಿಸಿ ಸರ್. ಇನ್ನೊಂದು, ಪ್ರಶ್ನೆಗಳು ಬಿಡುಗಡೆ ಆಗೋದು ಅಮೆರಿಕದ ಪೂರ್ವ ಕರಾವಳಿ ಟೈಮಲ್ಲಿ ಗುರುವಾರ ಸಂಜೆ 5ಕ್ಕೆ, ನಮಗೆ ಆಗ ಶುಕ್ರವಾರ ಬೆಳಗಿನ ಜಾವ ಮೂರೂವರೆ. ಆ ನಾಲ್ಕು ದಿನ ಮನೇಲಿ ಮದುವೆ ಮುಂಜಿ ಅಂತ ಕರೀಬೇಡಿ, ಊಟ ನಿದ್ದೆ ಕಡೆ ಸ್ವಲ್ಪ ನೋಡ್ಕೊಳ್ಳಿ.

ಪ್ರಶ್ನೆ: ನಂಗೆ ಮಾಡೆಲಿಂಗ್ ಬೇಡ, ಪ್ಯೂರ್ ಮ್ಯಾಥ್ಸ್ ಇಷ್ಟ. ಅಂಥದ್ದೇನಾದ್ರೂ ಇದ್ಯಾ? (ಮೈಸೂರು)

ಇದೆ. 1994ರಲ್ಲಿ ಶುರುವಾದ ಐಎಂಸಿ, ಅಂದ್ರೆ ಕಾಲೇಜು ವಿದ್ಯಾರ್ಥಿಗಳ ಇಂಟರ್‌ನ್ಯಾಷನಲ್ ಮ್ಯಾಥಮೆಟಿಕ್ಸ್ ಕಾಂಪಿಟಿಷನ್, ಬಲ್ಗೇರಿಯಾದ ಬ್ಲಾಗೋಯೆವ್‌ಗ್ರಾಡ್ ಊರಲ್ಲಿ ನಡೆಯುತ್ತೆ, ಎರಡು ದಿನ, ದಿನಕ್ಕೆ ಐದೈದು ಗಂಟೆ, ಅಲ್ಲಿ ಪ್ರೂಫ್ ಬರೀಬೇಕು. ಆದ್ರೆ ಅದು ಒಲಿಂಪಿಯಾಡ್ ಥರ, ರಿಸರ್ಚ್ ಅಲ್ಲ. ಏಷ್ಯಾ ಪೆಸಿಫಿಕ್ ಕಡೆಯವರಿಗೆ 2017ರಲ್ಲಿ ಶುರುವಾದ ಸೈಮನ್ ಮರೇ ಸ್ಪರ್ಧೆ ಇದೆ, ಅದರಲ್ಲಿ ಒಬ್ರೇ ಕೂರ್ಬಹುದು, ಜೋಡಿಯಾಗೂ ಕೂರ್ಬಹುದು, ಇನ್ನೂ ಯಾರೂ ಬಿಡಿಸದೇ ಇರೋ ಪ್ರಶ್ನೆಗಳನ್ನೂ ಅದರಲ್ಲಿ ಕೇಳಿದ್ದುಂಟು. ನಿಮ್ಮ ರುಚಿಗೆ ಹತ್ತಿರ ಅನ್ಸೋದು ಹಂಗೇರಿಯ ಮಿಕ್ಲೋಶ್ ಶ್ವೈಟ್ಸರ್ ಸ್ಪರ್ಧೆ, 1949ರಿಂದ ಇದೆ, ಪ್ರಶ್ನೆ ಬಿಡಿಸೋಕೆ ಹತ್ತು ದಿನ ಕೊಡ್ತಾರೆ, ಪುಸ್ತಕ ತೆರೆದು ನೋಡ್ಬಹುದು, ಅಷ್ಟಿದ್ರೂ ಬಿಡಿಸೋದು ಕಷ್ಟ. ಅದು ಅಲ್ಲಿನವರಿಗೆ ನಡೆಸೋದು, ಆದ್ರೆ ಹಳೇ ಪ್ರಶ್ನೆಗಳು ಸಿಗ್ತವೆ. ಒಂದನ್ನ ತಗೊಂಡು ಹತ್ತು ದಿನ ಜೊತೇಲಿಟ್ಕೊಂಡು ಓಡಾಡಿ.

ಪ್ರಶ್ನೆ: ನಾನು ಡಿಗ್ರಿ ಕಾಲೇಜಲ್ಲಿ ಗಣಿತ ಪಾಠ ಮಾಡ್ತೀನಿ. ಟೀಮ್ ಕಳಿಸೋಕೆ ನಾನೇನು ಮಾಡ್ಬೇಕು? (ರಾಯಚೂರು)

ಮೇಡಂ, ಟೀಮನ್ನ ರಿಜಿಸ್ಟರ್ ಮಾಡೋದು ಅಡ್ವೈಸರ್, ಅಂದ್ರೆ ನೀವೇ. ಸ್ಪರ್ಧೆ ಜನವರಿ ಕೊನೆ ಇಲ್ಲಾ ಫೆಬ್ರವರಿ ಮೊದಲಲ್ಲಿ ಬರುತ್ತೆ, ಶುರುವಾದ ಮೇಲೆ ಹೊಸಬರನ್ನ ಸೇರ್ಸೋಕೆ ಆಗಲ್ಲ. ದೀಪಾವಳಿ ಮುಗೀತಿದ್ದ ಹಾಗೆ ಮೂರು ಮಕ್ಕಳನ್ನ ಕೂರಿಸ್ಕೊಂಡು, ಮೇಲೆ ಹೇಳಿದ ಟಬ್ಬಿನ ಪ್ರಶ್ನೆ ಕೊಟ್ಟು, ಒಂದು ಶನಿವಾರ ಭಾನುವಾರದಲ್ಲಿ ಐದು ಪುಟ ಬರೆಸಿ. ನಾಲ್ಕು ದಿನದ ಒದ್ದಾಟ ಹೇಗಿರುತ್ತೆ ಅಂತ ಅವರಿಗೆ ಆಗಲೇ ಗೊತ್ತಾಗುತ್ತೆ. ಬರೆದದ್ದನ್ನ ನಂಗೂ ಕಳಿಸಿ, ನಾನು ಪೂರ್ತಿ ಓದಿ ವಾಪಸ್ ಬರೀತೀನಿ.