ಕೆಂಚನ ಶೀತ ಯಾಕೆ ವಾಸಿ ಆಗ್ತಿಲ್ಲ?

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ, ನಮ್ದು ತೀರ್ಥಹಳ್ಳಿ ಹತ್ರ ತೋಟದ ಮನೆ. ಮೂರು ಬೆಕ್ಕಿದಾವೆ, ಅದ್ರಲ್ಲಿ ಕೆಂಚ ಅಂತ ಐದು ವರ್ಷದ ಗಂಡು. ಹೋದ ಮಳೆಗಾಲದಿಂದ ಅವ್ನಿಗೆ ಶೀತ ಬಿಡ್ತಾನೇ ಇಲ್ಲ, ಹತ್ತು ದಿನ ಹುಷಾರಾಗಿರ್ತಾನೆ, ಮತ್ತೆ ಸೀನು, ಎಡಗಣ್ಣಲ್ಲಿ ಪಿಸುರು, ಬಾಯಿ ವಾಸನೆ, ಊಟ ಬಿಡ್ತಾನೆ. ಶಿವಮೊಗ್ಗಕ್ಕೆ ಕರ್ಕೊಂಡು ಹೋಗಿ ಬ್ಲಡ್ ಟೆಸ್ಟ್ ಮಾಡಿಸಿದ್ವಿ, ಎಫ್‌ಐವಿ ಪಾಸಿಟಿವ್, ಎಫ್‌ಇಎಲ್‌ವಿ ನೆಗೆಟಿವ್ ಅಂತ ಬಂತು. ಪಕ್ಕದ ಮನೆಯವ್ರು ಇದು ಬೆಕ್ಕಿನ ಏಡ್ಸ್, ಮನೇಲಿ ಇಟ್ಕೋಬೇಡಿ ಅಂತಾರೆ. ಅತ್ತೆಗೆ ಶುಗರ್ ಇದೆ, ಅವ್ರಿಗೇನಾದ್ರೂ ಆಗುತ್ತಾ? ಉಳಿದ ಎರಡು ಬೆಕ್ಕಿಗೆ? ಕೆಂಚ ಎಷ್ಟು ದಿನ ಬದುಕ್ತಾನೆ?

ಉತ್ತರ: ಎಫ್‌ಐವಿ ಅಂದ್ರೆ ಬೆಕ್ಕಿನ ರೋಗನಿರೋಧಕ ಶಕ್ತಿ ಕುಗ್ಗಿಸೋ ವೈರಸ್ಸು, ಅದು ಮನುಷ್ಯರಿಗೆ ಬರೋದಿಲ್ಲ ಮೇಡಂ. ನಿಮ್ಮ ಅತ್ತೆಗೂ ಇಲ್ಲ, ಅವನನ್ನ ಎತ್ತಾಡಿಸೋ ಮಕ್ಕಳಿಗೂ ಇಲ್ಲ. ಎಚ್‌ಐವಿ ಜಾತಿಗೆ ಸೇರಿದ ವೈರಸ್ ಅನ್ನೋದು ನಿಜ, ಅದಕ್ಕೇ ಈ ಹೆದರಿಕೆ. ಆದ್ರೆ 1986ರಲ್ಲಿ ಕ್ಯಾಲಿಫೋರ್ನಿಯಾದ ಪೆಟಲುಮಾದಲ್ಲಿ ಒಟ್ಟಿಗೆ ಸಾಕಿದ್ದ ಬೆಕ್ಕುಗಳಲ್ಲಿ ಇದು ಪತ್ತೆ ಆದಾಗಿಂದ ಇವತ್ತಿನವರೆಗೆ ಎಷ್ಟೋ ಡಾಕ್ಟರುಗಳು ಇಂಥ ಬೆಕ್ಕುಗಳ ಹತ್ರ ಕಚ್ಚಿಸ್ಕೊಂಡಿದಾರೆ, ಯಾರಿಗೂ ಈ ವೈರಸ್ ಅಂಟಿಲ್ಲ. ನಮ್ ಕಡೆ ವೈರಸ್ ಅಂದ ತಕ್ಷಣ ಮಂಗನ ಕಾಯಿಲೆ ನೆನಪಾಗುತ್ತೆ, ಅದು ಉಣ್ಣೆ ಹುಳ (ಉಣುಗು) ಕಚ್ಚೋದ್ರಿಂದ ಬರೋದು, ಇದಕ್ಕೂ ಅದಕ್ಕೂ ಸಂಬಂಧನೇ ಇಲ್ಲ. ಅತ್ತೆಯವ್ರು ಬೆಕ್ಕು ಮುಟ್ಟಿದ ಮೇಲೆ ಸೋಪಲ್ಲಿ ಕೈ ತೊಳ್ಕೊಳ್ಳಿ, ಕಚ್ಚಿದ್ರೆ ಪರಚಿದ್ರೆ ಅವತ್ತೇ ಆಸ್ಪತ್ರೆಗೆ ಹೋಗ್ಲಿ, ಶುಗರ್ ಇರೋರಿಗೆ ಗಾಯ ಬೇಗ ಕೀವಾಗುತ್ತೆ ಮತ್ತೆ ರೇಬಿಸ್ ವಿಚಾರನೂ ಇರುತ್ತೆ, ಎಫ್‌ಐವಿಗಾಗಿ ಅಲ್ಲ.

ಕೆಂಚಂಗೆ ಇದು ಎಲ್ಲಿಂದ ಬಂತು ಅಂದ್ರೆ ಕಚ್ಚಾಟದಿಂದ. ಬೀಜ ತೆಗೆಸದೇ ಇರೋ ಗಂಡು ಬೆಕ್ಕು ಬೆದೆ ಟೈಮಲ್ಲಿ ಎರಡು ಮೂರು ತೋಟ ದಾಟಿ ಹೋಗಿ ಜಗಳ ಆಡ್ಕೊಂಡು ಬರುತ್ತಲ್ಲ, ಕೆನ್ನೆ ಊದ್ಕೊಂಡು ಕೀವು ತುಂಬ್ಕೊಂಡು, ಆ ಹಲ್ಲಿನ ಗಾಯದೊಳಗೆ ಜೊಲ್ಲು ಸೇರಿ ಹೋಗೋದು ಈ ವೈರಸ್ಸು. ಒಂದೇ ತಟ್ಟೆಲಿ ತಿಂದ್ರೆ, ಒಟ್ಟಿಗೆ ಮಲಗಿದ್ರೆ ಅಂಟೋದು ತುಂಬಾ ಅಪರೂಪ, ಹಾಗಾಗಿ ಮೂರೂ ಜಗಳ ಇಲ್ಲದೆ ಇದ್ರೆ ಬೇರೆ ಮಾಡಬೇಕಿಲ್ಲ. ಎಫ್‌ಇಎಲ್‌ವಿ, ಅಂದ್ರೆ ಬೆಕ್ಕಿನ ಲ್ಯುಕೇಮಿಯಾ (ರಕ್ತದ ಕ್ಯಾನ್ಸರ್) ವೈರಸ್, ಹಾಗಲ್ಲ, ಅದು ನೆಕ್ಕೋದ್ರಿಂದ, ತಟ್ಟೆ ಹಂಚ್ಕೊಳ್ಳೋದ್ರಿಂದನೂ ಹರಡುತ್ತೆ, ಆಯಸ್ಸನ್ನೂ ಜಾಸ್ತಿ ತಿನ್ನುತ್ತೆ. ಅದು ನೆಗೆಟಿವ್ ಬಂದಿದ್ದು ನಿಜವಾಗ್ಲೂ ಒಳ್ಳೇ ಸುದ್ದಿ. ಉಳಿದೆರಡಕ್ಕೂ ಒಂದ್ಸಲ ಟೆಸ್ಟ್ ಮಾಡಿಸಿ.

ಈಗ ಶೀತದ ವಿಚಾರ, ನನ್ನ ಪ್ರಕಾರ ನೀವು ಗಮನ ಕೊಡಬೇಕಾಗಿರೋದು ಇದಕ್ಕೇ. ಪ್ರತಿ ಸಲ ಹೊಸ ಶೀತ ಬರ್ತಿದೆ ಅಂತ ನೀವು ಅಂದ್ಕೊಂಡಿದೀರಿ, ಬಹುಶಃ ಅದು ಹಳೇದೇ. ಬೆಕ್ಕಿನ ಹರ್ಪಿಸ್ ವೈರಸ್ ಅಂತ ಒಂದಿದೆ, ಮರಿಯಾಗಿದ್ದಾಗ ಬಂದು ವಾಸಿ ಆದ್ರೂ ಅದು ದೇಹ ಬಿಟ್ಟು ಹೋಗಲ್ಲ, ಮುಖದ ನರದ ಬುಡದಲ್ಲಿ ಸುಮ್ನೆ ಅಡಗಿ ಕೂತಿರುತ್ತೆ. ನಮಗೆ ಜ್ವರ ಬಂದಾಗ ತುಟಿ ಮೇಲೆ ಗುಳ್ಳೆ ಏಳುತ್ತಲ್ಲ, ಅದೂ ಇದೇ ಜಾತಿ ವೈರಸ್ಸಿನ ಕೆಲಸನೇ. ರೋಗನಿರೋಧಕ ಶಕ್ತಿ ಗಟ್ಟಿ ಇದ್ರೆ ಅದು ಏಳಲ್ಲ. ಎಫ್‌ಐವಿ ಆ ಶಕ್ತಿನ ವರ್ಷಗಟ್ಟಲೆ ಸ್ವಲ್ಪ ಸ್ವಲ್ಪ ತಿಂತಾ ಬರುತ್ತೆ, ಮಳೆಗಾಲದ ಥಂಡಿ, ಮನೇಲಿ ನೆಂಟರ ಗಲಾಟೆ, ಹೊಸ ಬೆಕ್ಕು, ಇಂಥ ಸಣ್ಣ ಒತ್ತಡಕ್ಕೂ ಹರ್ಪಿಸ್ ಎದ್ದು ಬಿಡುತ್ತೆ. ಒತ್ತಡ ಆಗಿ ಒಂದು ವಾರದ ಸುಮಾರಿಗೆ ಸೀನು ಶುರು ಆಗೋದು. ಬಾಯಿ ವಾಸನೆ ಅಂದ್ರಲ್ಲ, ಅದಕ್ಕೆ ಕ್ಯಾಲಿಸಿ ಅನ್ನೋ ಇನ್ನೊಂದು ವೈರಸ್ ಕಾರಣ ಇರಬಹುದು, ನಾಲಿಗೆ ಮೇಲೆ ಹುಣ್ಣು ಮಾಡುತ್ತೆ, ಎಫ್‌ಐವಿ ಇರೋ ಬೆಕ್ಕುಗಳಲ್ಲಿ ವಸಡು ಕೆಂಪಾಗಿ ಊದೋದಂತೂ ತುಂಬಾ ಸಾಮಾನ್ಯ. ಡಾಕ್ಟರ ಹತ್ರ ಬಾಯಿ ತೆಗೆಸಿ ಹಲ್ಲು ನೋಡಿಸಿ, ಎಷ್ಟೋ ಬೆಕ್ಕು ಊಟ ಬಿಡೋದು ಹಸಿವಿಲ್ಲದೆ ಅಲ್ಲ, ಬಾಯಿ ನೋವಿಗೆ.

ಕಣ್ಣಿಗೆ ಯಾವ ಡ್ರಾಪ್ಸ್ ಹಾಕ್ತಿದೀರಿ ಅಂತ ಬರೆದಿಲ್ಲ. ಮೆಡಿಕಲ್ ಶಾಪಲ್ಲಿ ಕೇಳಿ ತಂದಿದ್ರೆ ಅದ್ರಲ್ಲಿ ಸ್ಟೀರಾಯ್ಡ್ ಇದೆಯಾ ನೋಡಿ, ಇದ್ರೆ ಇವತ್ತೇ ನಿಲ್ಸಿ ಡಾಕ್ಟರಿಗೆ ತೋರ್ಸಿ. ಹರ್ಪಿಸ್‌ನಿಂದ ಕಣ್ಣಿನ ಪಾಪೆ ಮುಂದಿರೋ ತಿಳಿ ಪದರದ (ಕಾರ್ನಿಯಾ) ಮೇಲೆ ಹುಣ್ಣಾಗಿದ್ರೆ ಸ್ಟೀರಾಯ್ಡ್ ಹಾಕಿದಾಗ ಅದು ಆಳಕ್ಕೆ ಹೋಗಿ ಕಣ್ಣೇ ಹೋಗಬಹುದು. ಆಂಟಿಬಯೋಟಿಕ್ ವೈರಸ್ಸನ್ನ ಕೊಲ್ಲಲ್ಲ, ಮೇಲೆ ಬಂದು ಸೇರ್ಕೊಳ್ಳೋ ಬ್ಯಾಕ್ಟೀರಿಯಾಗೆ ಮಾತ್ರ. ಜೋರಾಗಿದ್ರೆ ಫ್ಯಾಮ್ಸಿಕ್ಲೋವಿರ್ ಅಂತ ಆಂಟಿವೈರಲ್ ಮಾತ್ರೆ ಇದೆ, ಡೋಸ್ ಡಾಕ್ಟರೇ ಹೇಳಬೇಕು. ಲೈಸಿನ್ ಪೌಡರಿಗೆ ದುಡ್ಡು ಹಾಕಬೇಡಿ, ಅದ್ರಿಂದ ಉಪಯೋಗ ಕಾಣ್ಲಿಲ್ಲ ಅಂತ ಈಗ ಬಿಟ್ಟಿದಾರೆ.

ಒಂದು ಮಾತು ಕೈಮುಗಿದು ಹೇಳ್ತೀನಿ, ಜ್ವರ ಇದೆ ಅಂತ ಪ್ಯಾರಾಸಿಟಮಾಲ್ ಕೊಡಬೇಡಿ. ಕಾಲು ಮಾತ್ರೆನೂ ಬೇಡ, ಮಕ್ಕಳ ಸಿರಪ್ಪೂ ಬೇಡ. ಅದನ್ನ ಅರಗಿಸ್ಕೊಳ್ಳೋ ಶಕ್ತಿ ಬೆಕ್ಕಿನ ಲಿವರಿಗೆ ಇಲ್ಲ. ಒಂದು ಮಳೆಗಾಲ ಹೊಸನಗರ ಕಡೆಯಿಂದ ಒಬ್ರು ಬೆಕ್ಕನ್ನ ಬುಟ್ಟೀಲಿ ಕಂಬಳಿ ಸುತ್ತಿ ತಂದಿದ್ರು, ಶೀತ ಅಂತ ರಾತ್ರಿ ಅರ್ಧ ಮಾತ್ರೆ ಕೊಟ್ಟಿದ್ರಂತೆ. ಮುಖ ಊದಿತ್ತು, ತುಟಿ ಎತ್ತಿ ನೋಡಿದ್ರೆ ವಸಡು ಚಾಕೊಲೇಟ್ ಬಣ್ಣ, ರಕ್ತ ಉಸಿರು ಹೊರೋದನ್ನೇ ನಿಲ್ಸಿತ್ತು. ಉಳಿಸ್ಕೊಳ್ಳೋಕೆ ಆಗ್ಲಿಲ್ಲ. ಶೀತಕ್ಕೆ ಆ ಬೆಕ್ಕು ಸಾಯ್ತಿರಲಿಲ್ಲ.

ಮನೇಲಿ ನೀವು ಮಾಡೋದು ಇಷ್ಟು. ಕುದಿಸಿ ಆರಿಸಿದ ನೀರಲ್ಲಿ ಹತ್ತಿ ಅದ್ದಿ ಕಣ್ಣು ಮೂಗು ಒರೆಸಿ, ಒಂದು ಕಣ್ಣಿಗೆ ಹಾಕಿದ ಹತ್ತಿ ಇನ್ನೊಂದಕ್ಕೆ ಬೇಡ. ಮೂಗು ಕಟ್ಟಿದ ಬೆಕ್ಕಿಗೆ ವಾಸನೆ ಸಿಗಲ್ಲ, ವಾಸನೆ ಸಿಗದಿದ್ರೆ ತಿನ್ನಲ್ಲ, ಅದಕ್ಕೆ ಮೀನು ಕೋಳಿ ಏನೇ ಆಗ್ಲಿ ಉಪ್ಪು ಖಾರ ಈರುಳ್ಳಿ ಬೆಳ್ಳುಳ್ಳಿ ಇಲ್ಲದೆ ಬೇಯ್ಸಿ ಉಗುರುಬೆಚ್ಚಗೆ ಮುಂದೆ ಇಡಿ. ಹಸಿ ಮಾಂಸ ಮಾತ್ರ ಬೇಡ. ಎರಡು ದಿನ ಏನೂ ತಿನ್ನದೆ ಇದ್ರೆ ಮೂರನೇ ದಿನಕ್ಕೆ ಕಾಯಬೇಡಿ, ಉಪವಾಸ ಬಿದ್ದ ಬೆಕ್ಕಿನ ಲಿವರಿಗೆ ಕೊಬ್ಬು ತುಂಬ್ಕೊಳ್ಳುತ್ತೆ, ಅದು ಶೀತಕ್ಕಿಂತ ದೊಡ್ಡ ಅಪಾಯ. ಮಳೆಗಾಲದಲ್ಲಿ ಬಚ್ಚಲ ಒಲೆ ಪಕ್ಕನೇ ಮಲಗ್ತಾನೆ ಅಲ್ವಾ, ಬೆಚ್ಚಗಿರೋದು ಸರಿ, ಆದ್ರೆ ಹಸಿ ಸೌದೆ ಹೊಗೆ ಅವನ ಮೂಗಿಗೆ ಆಗಲ್ಲ, ಒಳಗೆ ಗಾಳಿ ಬೀಸದ ಕಡೆ ಗೋಣಿಚೀಲದ ಮೇಲೆ ಹಳೇ ಕಂಬಳಿ ಹಾಸಿ ಕೊಡಿ. ಅಡಿಕೆ ತೂಗೋ ತಕ್ಕಡಿ ಇದ್ರೆ ಬುಟ್ಟೀಲಿ ಕೂರಿಸಿ ತಿಂಗಳಿಗೊಮ್ಮೆ ತೂಕ ಬರೆದಿಡಿ, ಹುಷಾರಾಗೇ ಇದಾನೆ ಅನ್ಸಿದ್ರೂ ತೂಕ ಇಳೀತಾ ಬಂದ್ರೆ ಒಳಗೆ ಏನೋ ನಡೀತಿದೆ ಅಂತ ಅರ್ಥ.

ಬೀಜ ತೆಗೆಸಿಲ್ಲ ಅಂದ್ರೆ, ಶೀತ ಇಳಿದ ಮೇಲೆ ತೆಗೆಸಿ. ಇಲಿ ಹಿಡಿಯೋ ಬೆಕ್ಕನ್ನ ಹೊರಗೆ ಬಿಡಬೇಡಿ ಅನ್ನೋದು ಮಲೆನಾಡಿನ ಮನೇಲಿ ಎಷ್ಟು ಕಷ್ಟ ಅಂತ ನಂಗೂ ಗೊತ್ತು, ಆದ್ರೂ ಕತ್ತಲಾದ ಮೇಲೆ ಒಳಗೇ ಇರ್ಲಿ, ಜಗಲಿಗೆ ಮೆಶ್ ಹೊಡೆಸೋಕಾದ್ರೆ ಇನ್ನೂ ಒಳ್ಳೇದು. ಕೆಂಚನಿಂದ ಬೇರೆಯವ್ರ ಬೆಕ್ಕಿಗೆ ಹೋಗೋದೂ ತಪ್ಪುತ್ತೆ, ಬೇರೆ ಬೆಕ್ಕಿನ ರೋಗ ಅವನಿಗೆ ಬರೋದೂ ತಪ್ಪುತ್ತೆ. ಉಳಿದೆರಡಕ್ಕೆ ಟ್ರೈಕ್ಯಾಟ್ (ಹರ್ಪಿಸ್, ಕ್ಯಾಲಿಸಿ ಸೇರಿ ಮೂರು ವೈರಸ್ಸಿಗೆ ಹಾಕೋದು) ಮತ್ತೆ ರೇಬಿಸ್ ವ್ಯಾಕ್ಸಿನ್ ಹಾಕಿಸಿ. ಕೆಂಚಂಗೆ ವ್ಯಾಕ್ಸಿನ್ ಹಾಕೋವಾಗ ಎಫ್‌ಐವಿ ಇದೆ ಅಂತ ಮೊದ್ಲೇ ಹೇಳಿ, ಇಂಥ ಬೆಕ್ಕಿಗೆ ಜೀವಂತ ವೈರಸ್ ಇರೋದಕ್ಕಿಂತ ಸತ್ತ ವೈರಸ್‌ನ ವ್ಯಾಕ್ಸಿನ್ ವಾಸಿ.

ಎಷ್ಟು ದಿನ ಬದುಕ್ತಾನೆ ಅಂತ ಕೇಳಿದ್ರಿ. ಎಫ್‌ಐವಿ ಇದ್ದೂ ಬೇರೆ ಬೆಕ್ಕುಗಳಷ್ಟೇ ವರ್ಷ ಬದುಕಿರೋ ಬೆಕ್ಕುಗಳು ಬೇಕಾದಷ್ಟಿವೆ. ಆರು ತಿಂಗಳಿಗೊಮ್ಮೆ ಚೆಕಪ್ ಮಾಡಿಸಿ, ಸಣ್ಣ ಕಾಯಿಲೆ ಸಣ್ಣದಿದ್ದಾಗ್ಲೇ ನೋಡ್ಕೊಳ್ಳಿ.

ಪ್ರಶ್ನೆ: ಡಾಕ್ಟ್ರೇ, ಸಾಗರದಿಂದ ಬರೀತಿದೀನಿ. ರಸ್ತೇಲಿ ಸಿಕ್ಕ ಮೂರು ತಿಂಗಳ ಮರಿಗೆ ಎಫ್‌ಐವಿ ಪಾಸಿಟಿವ್ ಬಂದಿದೆ. ಇಂಜೆಕ್ಷನ್ ಕೊಟ್ಟು ಮಲಗಿಸಿಬಿಡಿ ಅಂತ ಗೊತ್ತಿರೋರೊಬ್ರು ಹೇಳ್ತಿದಾರೆ.

ಉತ್ತರ: ದಯವಿಟ್ಟು ಬೇಡ. ಆ ಟೆಸ್ಟ್ ಕಿಟ್ ಹುಡುಕೋದು ವೈರಸ್ಸನ್ನಲ್ಲ, ವೈರಸ್ ವಿರುದ್ಧ ತಯಾರಾಗೋ ಆಂಟಿಬಾಡಿನ. ತಾಯಿಗೆ ಎಫ್‌ಐವಿ ಇದ್ರೆ ಅವಳ ಆಂಟಿಬಾಡಿ ಮೊದಲ ಹಾಲಿನ ಜೊತೆ ಮರಿಗೂ ಬರುತ್ತೆ, ಮರಿಗೆ ರೋಗ ಇಲ್ಲದಿದ್ರೂ ಕಿಟ್ ಪಾಸಿಟಿವ್ ತೋರ್ಸುತ್ತೆ. ಇಂಥ ಮರಿಗಳಲ್ಲಿ ಹೆಚ್ಚಿನವು ಆಮೇಲೆ ನೆಗೆಟಿವ್ ಆಗ್ತಾವೆ. ಆರು ತಿಂಗಳು ತುಂಬಿದ ಮೇಲೆ ಇನ್ನೊಂದ್ಸಲ ಟೆಸ್ಟ್ ಮಾಡಿಸಿ. ಅಲ್ಲಿವರೆಗೆ ಹುಳದ ಔಷಧಿ, ಹೊಟ್ಟೆ ತುಂಬ ಊಟ, ಬೇರೆ ಬೆಕ್ಕು ಬರದೆ ಇರೋ ಒಂದು ಕೋಣೆ ಸಾಕು.