ಕಪ್ಪು ನೀರಿಗೆ ಬೆಲೆ ಬಂದರೆ ಬಾವಿ ಉಳಿಯುತ್ತದೆ

ಅಕ್ಕಲಕೋಟ ತಾಲೂಕಿನ ಓದುಗರೊಬ್ಬರ ಪತ್ರ: "ನಾನು ಸಕ್ಕರೆ ಕಾರ್ಖಾನೆಯ ಶೇರುದಾರಳು. ಕಾರ್ಖಾನೆಯವರು ಇಥೆನಾಲ್ ಘಟಕ ಹಾಕುತ್ತಾರಂತೆ. ಹೊಸ ತಂತ್ರಜ್ಞಾನ, ಹೊಲಸು ನೀರು ಒಂದು ಹನಿಯೂ ಹೊರಗೆ ಬರಲ್ಲ ಅಂತಾರೆ. ನಮ್ಮ ಬಾವಿ ಅವರ ಗೋಡೆಯಿಂದ ಎರಡೇ ಹೊಲ ಆಚೆ. ವಾರ್ಷಿಕ ಸಭೆಯಲ್ಲಿ ಕೈ ಎತ್ತಲೋ ಬೇಡವೋ?"

ಅಕ್ಕಾವ್ರೇ, ನಮಸ್ಕಾರ.

ಪತ್ರ ಓದಿದ ಕೂಡಲೇ ನಮ್ಮೂರ ಹಳ್ಳ ನೆನಪಾಯಿತು. ನಾನು ಶಾಲೆಗೆ ಹೋಗುವಾಗ ಒಂದು ಮಳೆಗಾಲದ ಬೆಳಿಗ್ಗೆ ಅದು ಕಾಫಿ ಬಣ್ಣಕ್ಕೆ ತಿರುಗಿತ್ತು. ಮೀನು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಆಮೇಲೆ ಎಷ್ಟೋ ತಿಂಗಳು ಅವ್ವ ದೂರದ ಬಾವಿಯಿಂದ ನೀರು ಹೊತ್ತಳು. ಹಾಗಾಗಿ ನಿಮ್ಮ ಭಯ ಸುಮ್ನೆ ಭಯ ಅಂತ ನಾನು ಹೇಳಲಾರೆ.

ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಯಿಂದ ಒಂದು ಲೀಟರ್ ಇಥೆನಾಲ್ ತೆಗೆದರೆ 8ರಿಂದ 15 ಲೀಟರ್ ಕಪ್ಪು ನೀರು ಉಳಿಯುತ್ತದೆ. ಕಾರ್ಖಾನೆಯವರು ಅದಕ್ಕೆ ಸ್ಪೆಂಟ್ ವಾಶ್ ಅನ್ನುತ್ತಾರೆ. ಇದನ್ನು ಹೊರಗೆ ಬಿಡುವಂತಿಲ್ಲ ಅಂತ ನಿಯಮವಿದೆ. ತಡೆಯುವ ಯಂತ್ರಗಳೂ ಇವೆ, ಅವು ನಿಜಕ್ಕೂ ಕೆಲಸ ಮಾಡುತ್ತವೆ. ತೊಂದರೆ ಇರುವುದು ಖರ್ಚಿನಲ್ಲಿ. ಕಪ್ಪು ನೀರನ್ನು ಕುದಿಸಿ ಗಟ್ಟಿ ಮಾಡಲು ಹಬೆ ಬೇಕು, ಹಬೆಗೆ ಉರುವಲು ಬೇಕು. ಅದು ಬರೀ ಖರ್ಚೇ ಆದರೆ, ಜೋರು ಮಳೆಯ ರಾತ್ರಿ ಯಾರಾದರೂ ವಾಲ್ವ್ ತಿರುಗಿಸುವ ಆಸೆಗೆ ಬೀಳಬಹುದು. ಅದೇ ನೀರಿನಿಂದ ಅವರಿಗೆ ದುಡ್ಡು ಬರುವಂತಿದ್ದರೆ? ದುಡ್ಡನ್ನು ಯಾರೂ ಹಳ್ಳಕ್ಕೆ ಚೆಲ್ಲುವುದಿಲ್ಲ, ಅಲ್ವಾ?

ಅದಕ್ಕೇ ನನಗೆ ಎಲ್ಲಕ್ಕಿಂತ ಜಾಸ್ತಿ ನಂಬಿಕೆ ಇರುವುದು ಸ್ಪೆಂಟ್ ವಾಶ್ ಸುಡುವ ಬಾಯ್ಲರ್ ಮೇಲೆ. ನೀರನ್ನು ಪಾಕದ ಹಾಗೆ ಗಟ್ಟಿ ಮಾಡಿ, ಕಬ್ಬಿನ ಸಿಪ್ಪೆ ಜೊತೆ ಉರಿಸುತ್ತಾರೆ. ಘಟಕಕ್ಕೆ ಬೇಕಾದ ಹಬೆ ಅಲ್ಲೇ ಹುಟ್ಟುತ್ತದೆ, ಕರೆಂಟೂ ಬರುತ್ತದೆ. ಉಳಿಯುವ ಬೂದಿಯಲ್ಲಿ ಪೊಟ್ಯಾಶ್ ಇರುತ್ತದೆ. ಅದು ಎಲ್ಲಿಂದ ಬಂತು? ನಿಮ್ಮ ಹೊಲದಿಂದಲೇ, ಕಬ್ಬು ಹೀರಿಕೊಂಡದ್ದು. ಕನಿಷ್ಠ 14.5% ಪೊಟ್ಯಾಶ್ ಇರುವ ಈ ಗೊಬ್ಬರವನ್ನು ಪಿಡಿಎಂ, ಅಂದರೆ ಕಾಕಂಬಿಯಿಂದ ಬಂದ ಪೊಟ್ಯಾಶ್, ಅನ್ನುತ್ತಾರೆ. ನಾವು ಪೊಟ್ಯಾಶ್ ಗೊಬ್ಬರಕ್ಕೆ ಹೊರದೇಶದ ಹಡಗು ಕಾಯುವವರು. ಈ ಬೂದಿ ಶೇರುದಾರರ ಹೊಲಕ್ಕೆ ಕಡಿಮೆ ಬೆಲೆಗೆ ಮರಳಬೇಕು ಅಂತ ಸಭೆಯಲ್ಲಿ ಗಟ್ಟಿಯಾಗಿ ಕೇಳಿ.

ಸುಡುವ ಮೊದಲು ಆ ಕಪ್ಪು ನೀರಿನಿಂದ ಬಯೋಗ್ಯಾಸ್ ತೆಗೆಯುವುದೂ ಒಳ್ಳೆಯದೇ. ಕೇಂದ್ರ ಸರ್ಕಾರದ 2018ರ ಸತತ್ ಯೋಜನೆ ಬಂದ ಮೇಲೆ ಆ ಗ್ಯಾಸ್ ಶುದ್ಧ ಮಾಡಿ ವಾಹನಗಳಿಗೆ ಮಾರುವ ದಾರಿಯೂ ತೆರೆದಿದೆ. ಆದರೆ ಗ್ಯಾಸ್ ತೆಗೆದ ಮೇಲೂ ನೀರಿನ ಕಪ್ಪು ಹೋಗುವುದಿಲ್ಲ. ಬರೀ ಗ್ಯಾಸ್ ಘಟಕ ತೋರಿಸಿ ಎಲ್ಲ ಸರಿಯಾಯಿತು ಅಂದರೆ ಒಪ್ಪಬೇಡಿ. ಹುಳಿ ಬರುವಾಗ ಏಳುವ ಇಂಗಾಲದ ಡೈಆಕ್ಸೈಡ್, ಲೀಟರ್ ಇಥೆನಾಲ್‌ಗೆ ಸುಮಾರು ಮುಕ್ಕಾಲು ಕಿಲೋ. ಅದನ್ನು ಹಿಡಿದು ತಂಪು ಪಾನೀಯದವರಿಗೆ ಮಾರಬಹುದು.

ಕಬ್ಬಿನ ಒಣ ಎಲೆ, ಅಂದರೆ ರವದಿಯಿಂದಲೇ ಇಥೆನಾಲ್ ಮಾಡಬಹುದಲ್ಲ ಅಂತಲೂ ನೀವು ಕೇಳಿದ್ದೀರಿ. ಪಾಣಿಪತ್‌ನಲ್ಲಿ 2022ರಲ್ಲಿ ಭತ್ತದ ಹುಲ್ಲಿನ ಘಟಕ ಶುರುವಾಯಿತು. ವರ್ಷಕ್ಕೆ 2 ಲಕ್ಷ ಟನ್ ಹುಲ್ಲಿನಿಂದ 3 ಕೋಟಿ ಲೀಟರ್ ತೆಗೆಯುವುದು ಅದರ ಗುರಿ. ನಮ್ಮ ಒಣ ನೆಲಕ್ಕೆ ಮಾತ್ರ ರವದಿ ಹೊಲದಲ್ಲೇ ಮುಚ್ಚಿಗೆಯಾಗಿ ಇರಲಿ ಅನ್ನುವವನು ನಾನು. ತೇವ ಉಳಿಯುತ್ತದೆ.

ಇನ್ನೊಂದು ಮಾತು, ಯಾವ ಯಂತ್ರವೂ ಬಗೆಹರಿಸದ್ದು. ಸಕ್ಕರೆ ಮೂಲದ ಒಂದು ಲೀಟರ್ ಇಥೆನಾಲ್‌ಗೆ ಸುಮಾರು 2,860 ಲೀಟರ್ ನೀರು ಬೇಕು ಎಂದು ನೀತಿ ಆಯೋಗದ ವರದಿಯೇ ಹೇಳಿದೆ. ಹೆಚ್ಚಿನದೆಲ್ಲ ಕಬ್ಬು ಕುಡಿಯುವ ನೀರು. ನಿಮ್ಮ ಸೋಲಾಪುರ ಸೀಮೆ ಹಿಂಗಾರಿ ಜೋಳದ ಸೀಮೆ. ಘಟಕ ಬಂತೆಂದು ಜೋಳದ ಹೊಲಕ್ಕೂ ಕಬ್ಬು ಹಾಕಿದರೆ, ನಿಮ್ಮ ಬಾವಿ ಕಪ್ಪಾಗುವ ಮೊದಲೇ ಬತ್ತೀತು.

ಸರಿ, ಕೈ ಎತ್ತಬೇಕೋ ಬೇಡವೋ? ಸುಡುವ ಬಾಯ್ಲರ್ ಘಟಕದ ಜೊತೆಗೇ, ಮೊದಲ ದಿನವೇ ಬರುತ್ತದೆ ಅಂತ ಠರಾವಿನಲ್ಲಿ ಬರೆದುಕೊಟ್ಟರೆ ಎತ್ತಿ. "ಎರಡನೇ ಹಂತದಲ್ಲಿ ನೋಡೋಣ" ಅಂದರೆ ಬೇಡ. ನೀರಿನ ಮೀಟರ್, ಕ್ಯಾಮೆರಾ ಇಡುವುದು ಹೇಗೂ ಕಡ್ಡಾಯ. ಆ ಲೆಕ್ಕ ಪಂಚಾಯತಿಗೂ ಕಾಣಲಿ ಅಂತ ಕೇಳಿ.

ಸಭೆಗೆ ಮೊದಲು ಇಷ್ಟು ಮಾಡಿ. ನಿಮ್ಮ ಬಾವಿ ನೀರನ್ನು ಈಗಲೇ ಪರೀಕ್ಷೆ ಮಾಡಿಸಿ, ತಾರೀಖು ಹಾಕಿದ ವರದಿ ಇಟ್ಟುಕೊಳ್ಳಿ. ಅಕ್ಕಪಕ್ಕದ ಬಾವಿಯವರಿಗೂ ಹೇಳಿ. ನಮ್ಮ ಹಳ್ಳ ಕೆಟ್ಟಾಗ ಅದು ಮೊದಲು ಚೆನ್ನಾಗಿತ್ತು ಅಂತ ತೋರಿಸಲು ನಮ್ಮ ಹತ್ತಿರ ಒಂದು ಚೀಟಿಯೂ ಇರಲಿಲ್ಲ.

— ಸಂಪಾದಕ