ರಾಗಿ ಡಬ್ಬಿಯಲ್ಲೇ ಇದೆ ಆಫ್ರಿಕಾ

ಪ್ರಶ್ನೆ: ನಮ್ಮ ಅಂಗನವಾಡಿಯಲ್ಲಿ 20 ಮಕ್ಕಳಿದ್ದಾರೆ. ಆಫ್ರಿಕಾ ಎಂದು ಭೂಪಟ ತೋರಿಸಿದರೆ ಬಣ್ಣ ನೋಡಿ ಸುಮ್ಮನಾಗುತ್ತಾರೆ. ಹೆಚ್ಚು ಖರ್ಚಿಲ್ಲದೆ, ಕೈಯಾರೆ ಮಾಡಿ ಕಲಿಯುವಂಥದ್ದು ಏನಿದೆ?
– ಅಂಗನವಾಡಿ ಕಾರ್ಯಕರ್ತೆ, ಮಾಲೂರು ತಾಲ್ಲೂಕು

ಉತ್ತರ: ಭೂಪಟ ಕೊನೆಗಿರಲಿ. ನಾಲ್ಕು ವರ್ಷದ ಮಗುವಿಗೆ ಮಾಲೂರಿನಿಂದ ಕೋಲಾರವೇ ದೂರ. ರಾಗಿಯಿಂದ ಶುರು ಮಾಡಿ. ಅದರ ತವರು ಇಥಿಯೋಪಿಯಾ, ಉಗಾಂಡಗಳ ಎತ್ತರದ ನಾಡು. ಸಾವಿರಾರು ವರ್ಷಗಳ ಹಿಂದೆ ಅಲ್ಲಿಂದ ನಮ್ಮಲ್ಲಿಗೆ ಬಂತು. ಅಲಸಂದೆ, ಹುಣಸೆಗಳೂ ಆಫ್ರಿಕಾದವೇ. (ಹುಣಸೆಯ ಶಾಸ್ತ್ರೀಯ ಹೆಸರಿನಲ್ಲಿ ‘ಇಂಡಿಕಾ’ ಇದೆಯೆಂದು ಮೂಲವೂ ಇಲ್ಲಿಯದೇ ಎಂದುಕೊಳ್ಳಬೇಡಿ.)

ಮೊದಲ ದಿನ ಗಂಜಿ. ಎಂಟು ದೊಡ್ಡ ಚಮಚ ರಾಗಿ ಹಿಟ್ಟನ್ನು ಒಂದು ಲೋಟ ತಣ್ಣೀರಿನಲ್ಲಿ ಮಕ್ಕಳೇ ಸರದಿಯಂತೆ ಕದಡಲಿ. ಅದನ್ನು ಕುದಿಯುವ ಐದು ಲೋಟ ನೀರಿಗೆ ಹುಯ್ದು ಹತ್ತು ನಿಮಿಷ ಕೈಯಾಡಿಸುವುದು ನಿಮ್ಮ ಕೆಲಸ. ಒಲೆಯ ಹತ್ತಿರ ಮಕ್ಕಳು ಬೇಡ. ಒಣಹಿಟ್ಟನ್ನೇ ಬಿಸಿನೀರಿಗೆ ಸುರಿದರೆ ಗಂಟು ಕಟ್ಟುತ್ತದೆ, ಬಾಯಿಗಿಟ್ಟ ಮಕ್ಕಳು ಉಗುಳುತ್ತಾರೆ. ಉಗುರುಬೆಚ್ಚಗಾದ ಮೇಲೆ ಪುಟ್ಟ ಕಪ್ಪಿಗೆ ಹಾಕಿ ಕೊಡುತ್ತಾ ಹೇಳಿ: ಕೀನ್ಯಾದಲ್ಲೂ ನಿಮ್ಮಂಥ ಮಕ್ಕಳು ಇದನ್ನು ಕುಡಿಯುತ್ತಾರೆ, ಅವರು ಇದಕ್ಕೆ ‘ಉಜಿ’ ಅನ್ನುತ್ತಾರೆ, ರಾಗಿಗೆ ‘ವಿಂಬಿ’ ಅನ್ನುತ್ತಾರೆ. ಇದು ಸ್ವಾಹಿಲಿ ಭಾಷೆ. ಸಿಂಹಕ್ಕೆ ‘ಸಿಂಬಾ’ ಎಂದು ಹೇಳಿಕೊಟ್ಟರಂತೂ ಮನೆಗೆ ಹೋಗಿಯೂ ಬಿಡುವುದಿಲ್ಲ.

ಮಾರನೆಯ ದಿನ ತಳಕ್ಕೆ ತೂತು ಮಾಡಿದ ತೆಂಗಿನ ಚಿಪ್ಪಿನಲ್ಲಿ ಮಣ್ಣು ತುಂಬಿ ರಾಗಿ ಬಿತ್ತಿಸಿ. ಮಕ್ಕಳು ಬೆರಳಿನಿಂದ ಕಾಳನ್ನು ಆಳಕ್ಕೆ ಒತ್ತುತ್ತಾರೆ, ಆಗ ಮೊಳಕೆ ಮೇಲೆ ಬರುವುದಿಲ್ಲ. ಕಾಳು ಉದುರಿಸಿ, ಅರ್ಧ ಸೆಂಟಿಮೀಟರ್ ಮಣ್ಣು ಮುಚ್ಚಿದರೆ ಸಾಕು. ಲೋಟದಿಂದ ನೀರು ಹುಯ್ದರೆ ಕಾಳೆಲ್ಲ ಒಂದು ಮೂಲೆಗೆ ಸೇರುತ್ತವೆ, ಕೈಯಿಂದ ಚಿಮುಕಿಸಲಿ. ಒಂದು ವಾರದೊಳಗೆ ಹಸಿರು ಕಾಣುತ್ತದೆ.

ಜಿರಾಫೆಯ ಎತ್ತರ ತೋರಿಸಲು 18 ಅಡಿ ಹಗ್ಗ ಬೇಕು. ಅಂಗಳದಲ್ಲಿ ಹಾಸಿ, ಅದರ ಪಕ್ಕ ಮಕ್ಕಳನ್ನು ಒಬ್ಬರ ಕಾಲಿಗೆ ಇನ್ನೊಬ್ಬರ ತಲೆ ಬರುವಂತೆ ಸಾಲಾಗಿ ಮಲಗಿಸಿ, ಹಗ್ಗದ ಉದ್ದಕ್ಕೆ ಐವರು ಹಿಡಿಸುತ್ತಾರೆ. ಅಷ್ಟಕ್ಕೇ ಬಿಟ್ಟರೆ ಹಾವಿನಷ್ಟು ಉದ್ದ ಎಂದುಕೊಳ್ಳುತ್ತಾರೆ, ಎತ್ತರ ತಲೆಗೆ ಹೋಗುವುದಿಲ್ಲ. ಹಗ್ಗದ ತುದಿಯನ್ನು ತೆಂಗಿನ ಮರಕ್ಕೆ ಕಟ್ಟಿಸಿ ಇಳಿಬಿಡಿ. ಗೋಡೆಯ ಮೇಲೆ 6 ಅಡಿಗೆ ಗೆರೆ ಎಳೆದು, ಅದು ಆಗತಾನೇ ಹುಟ್ಟಿದ ಜಿರಾಫೆ ಮರಿಯ ಎತ್ತರ ಎನ್ನಿ. ಪ್ರತಿಯೊಂದು ಮಗುವೂ ಅಲ್ಲಿ ಹೋಗಿ ನಿಂತು ನೋಡುತ್ತದೆ.

ಈಗ ಭೂಪಟ. ಹಳೆಯ ಬೆಡ್‌ಶೀಟಿನ ಮೇಲೆ ಆಫ್ರಿಕಾ ಬರೆಯಿರಿ. ಉದ್ದ 6 ಅಡಿ ಇದ್ದರೆ ಅಗಲ ಐದೂವರೆ. ಉತ್ತರಕ್ಕೆ ಸಹಾರಾ ಮರಳು, ನಡುವೆ ದಟ್ಟ ಕಾಡಿಗೆ ಹಸಿರೆಲೆ, ಪೂರ್ವಕ್ಕೆ ಒಣಹುಲ್ಲು. ಮರಳನ್ನು ಸಡಿಲವಾಗಿ ಬಿಟ್ಟರೆ ಯಾರದಾದರೂ ಕಣ್ಣಿಗೆ ಬೀಳುತ್ತದೆ. ರಟ್ಟಿಗೆ ಫೆವಿಕಾಲ್ ಬಳಿದು, ಮರಳು ಉದುರಿಸಿ, ಒಂದು ರಾತ್ರಿ ಒಣಗಿಸಿಯೇ ಇಡಿ. ಮಕ್ಕಳು ಬರಿಗಾಲಲ್ಲಿ ಅದರ ಮೇಲೆ ನಡೆಯಲಿ.

ಪ್ರಶ್ನೆ: ಶಾಲಾ ವಾರ್ಷಿಕೋತ್ಸವಕ್ಕೆ ಎಲ್‌ಕೆಜಿ ಮಕ್ಕಳಿಗೆ ಕಪ್ಪು ಬಣ್ಣ ಬಳಿದು, ಸೊಪ್ಪು ಉಡಿಸಿ ‘ಆಫ್ರಿಕಾ ನೃತ್ಯ’ ಮಾಡಿಸಬಹುದೇ?
– ಶಿಕ್ಷಕಿ, ತುಮಕೂರು

ಉತ್ತರ: ದಯವಿಟ್ಟು ಬೇಡ. ಇನ್ನೊಬ್ಬರ ಮೈಬಣ್ಣ ವೇಷವಲ್ಲ, ಮತ್ತು ಈ ವಯಸ್ಸಿನಲ್ಲಿ ಕಣ್ಣಿಗೆ ಬಿದ್ದ ಚಿತ್ರ ಬಹಳ ಕಾಲ ಉಳಿಯುತ್ತದೆ. ಆಫ್ರಿಕಾದಲ್ಲಿ 54 ದೇಶಗಳಿವೆ. ನೈರೋಬಿಯ ಎತ್ತರದ ಕಟ್ಟಡ, ಕೈರೋದ ಮೆಟ್ರೊ, ಶಾಲೆಗೆ ಹೊರಟ ಮಕ್ಕಳು, ಇವುಗಳ ಚಿತ್ರಗಳನ್ನು ಸಿಂಹ, ಆನೆಗಳ ಜೊತೆಗೇ ಇಡಿ. ಕುಣಿತಕ್ಕೆ ತಗಡಿನ ಡಬ್ಬದ ತಾಳ ಸಾಕು: ಒಬ್ಬರು ಬಾರಿಸಿದ್ದನ್ನು ಉಳಿದವರು ಚಪ್ಪಾಳೆಯಲ್ಲಿ ಮರಳಿಸಲಿ. ಆಫ್ರಿಕಾದ ಹಲವು ಕಡೆಯ ಹಾಡು-ಕುಣಿತಗಳಲ್ಲಿ ಹೀಗೆ ಒಬ್ಬರು ಕರೆದರೆ ಉಳಿದವರು ಓಗೊಡುವ ಕ್ರಮವಿದೆ. ಡಬ್ಬದ ಅಂಚಿಗೆ ಬಟ್ಟೆ ಸುತ್ತಿ, ಕೈ ಕೊಯ್ಯದಿರಲಿ.

ಪ್ರಶ್ನೆ: ಕಾಳು ವಿಂಗಡಿಸುವ ಆಟದಲ್ಲಿ ಮಗು ಮೂಗಿಗೆ ಅಲಸಂದೆ ಹಾಕಿಕೊಂಡರೆ?
– ತಾಯಿ, ಚಿಂತಾಮಣಿ

ಉತ್ತರ: ಪಿನ್ನು, ಕಡ್ಡಿ ಹಾಕಿ ಕೆದಕಬೇಡಿ, ನೀರೂ ಬಿಡಬೇಡಿ. ಒದ್ದೆಗೆ ಕಾಳು ಊದಿ ಇನ್ನಷ್ಟು ಸಿಕ್ಕಿಕೊಳ್ಳುತ್ತದೆ. ಬಾಯಿಂದ ಉಸಿರಾಡಲು ಹೇಳಿ ಅಂದೇ ಡಾಕ್ಟರ ಹತ್ತಿರ ಕರೆದೊಯ್ಯಿರಿ. ಶಾಲೆಯವರಿಗೂ ತಿಳಿಸಿ: ಕಾಳನ್ನು ಪಾರದರ್ಶಕ ಬಾಟಲಿಗೆ ಹಾಕಿ, ಮುಚ್ಚಳಕ್ಕೆ ಟೇಪ್ ಸುತ್ತಿ ಕೊಟ್ಟರೆ ಮಕ್ಕಳು ಅಲ್ಲಾಡಿಸಿ, ಸದ್ದು ಕೇಳಿ, ಯಾವ ಕಾಳೆಂದು ಗುರುತು ಹಿಡಿಯುತ್ತಾರೆ.